ಹೂವಪ್ಪನ ಮೈಕಟ್ಟು, ನನ್ನ ಹೊಟ್ಟೆಕಿಚ್ಚು

ರೇಸಿನ ಕುದುರೆ ಹತ್ತಬೇಕೆಂಬ ಆಸೆಯವರು ಈಗಲೂ ವರ್ಷಕ್ಕೊಬ್ಬರೋ ಇಬ್ಬರೋ ಸಾಗರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಎಷ್ಟು ರೇಸು ಗೆದ್ದಿರಿ, ಎಷ್ಟು ಸಲ ಬಿದ್ದಿರಿ, ಇವೇ ಅವರ ಪ್ರಶ್ನೆಗಳು. ಗೆದ್ದದ್ದು ಆಗಿನ ಪೇಪರಿನಲ್ಲಿ ಬಂದಿದೆ, ಬಿದ್ದದ್ದು ನನ್ನ ಹೆಗಲ ಮೂಳೆಯಲ್ಲಿದೆ. ಅವೆರಡನ್ನೂ ಬಿಟ್ಟು, ಆ ಕೆಲಸ ದಿನಾ ಬೆಳಗಾದರೆ ನಿಜವಾಗಿ ಹೇಗಿರುತ್ತಿತ್ತು ಎಂದು ಬರೆಯಲು ಕೂತಿದ್ದೇನೆ. ಇದನ್ನು ಓದಿ ಯಾರಾದರೂ ಮನಸ್ಸು ಬದಲಾಯಿಸಿದರೆ ಅವರ ತಾಯಂದಿರು ನನ್ನನ್ನು ಹರಸಲಿ.

ಜಾಕಿ ಎಂದರೆ ಕಡ್ಡಿಯಂಥ ಮನುಷ್ಯ ಎಂದು ಜನ ತಿಳಿದಿದ್ದಾರೆ. ಕಡ್ಡಿಯಂಥವನು ರೇಸಿನ ಕುದುರೆಯ ಮೇಲೆ ಒಂದು ಸುತ್ತು ಬರಲಾರ. ಓಟ ಶುರುವಾದ ಮೇಲೆ ಜಾಕಿ ಜೀನಿನ ಮೇಲೆ ಕೂರುವುದೇ ಇಲ್ಲ. ಜೀನಿನಿಂದ ಇಳಿಬಿಟ್ಟ ರಿಕಾಪಿನ ಬಳೆಯಲ್ಲಿ ಕಾಲಿಟ್ಟು, ಮಂಡಿ ಮಡಿಸಿ, ಬೆನ್ನು ಬಗ್ಗಿಸಿ, ಕುದುರೆಯ ಕುತ್ತಿಗೆಯ ಮೇಲೆ ತೂಗಿಕೊಂಡೇ ಇರಬೇಕು. ಅದಕ್ಕೆ ತೊಡೆಯಲ್ಲಿ ಪೈಲ್ವಾನನ ಬಲ ಬೇಕು. ಲಗಾಮು ಹಿಡಿದ ಮಣಿಕಟ್ಟು ಗಟ್ಟಿ ಇರಬೇಕು, ಸೊಂಟ ಸಣ್ಣ ಇರಬೇಕು, ಎದೆಯಲ್ಲಿ ಉಸಿರಿರಬೇಕು. ಇಷ್ಟೆಲ್ಲ ಐವತ್ತು ಕಿಲೋದೊಳಗೆ ಮುಗಿಯಬೇಕು. ಅಂಥ ಮೈ ಹುಟ್ಟಿನಿಂದ ಬಂದವರು ಸಾವಿರಕ್ಕೊಬ್ಬರು. ಉಳಿದವರು ನನ್ನ ಹಾಗೆ ಹಸಿದುಕೊಂಡು ಅದನ್ನು ಮಾಡಿಕೊಳ್ಳುತ್ತಾರೆ.

ನಮ್ಮದು ಗಂಧದ ಕೆತ್ತನೆಯ ಮನೆತನ. ತೀರ್ಥಹಳ್ಳಿಯ ಹತ್ತಿರ ದೊಡ್ಡ ಜಮೀನಿದ್ದ ಯಜಮಾನರೊಬ್ಬರು ಅಪ್ಪಯ್ಯನಿಂದ ಗಂಧದ ಕುದುರೆಯೊಂದನ್ನು ಕೆತ್ತಿಸಿದ್ದರು. ಅದನ್ನು ತಲುಪಿಸಲು ಹೋದ ನಾನು ಅವರ ಜೀವಂತ ಕುದುರೆಯನ್ನು ನೋಡಿ ಅಲ್ಲೇ ಉಳಿದೆ. ಕುಳ್ಳಗೆ ಬೆಳೆದು ನಿಂತಿದ್ದ ನನಗೆ ಕೊನೆಗೂ ಒಂದು ಕೆಲಸ ಸರಿಹೊಂದಿತು ಎಂದು ಅಪ್ಪಯ್ಯ ನಕ್ಕರು. ಆದರೆ ನಾನು ಕುಳ್ಳನೇ ಹೊರತು ಹಗುರದವನಲ್ಲ. ಹೊಟ್ಟೆ ತುಂಬ ಉಂಡರೆ ಐವತ್ತಮೂರು ಕಿಲೋ ತೂಗುತ್ತಿದ್ದೆ, ಸವಾರಿಗೆ ಬೇಕಾದದ್ದು ನಲವತ್ತೇಳು. ಇಪ್ಪತ್ತು ವರ್ಷ ನಾನು ಮಾಡಿದ ಕೆಲಸ ಕುದುರೆ ಓಡಿಸುವುದಕ್ಕಿಂತ ಹೆಚ್ಚಾಗಿ ಆ ಆರು ಕಿಲೋ ಇಳಿಸುವುದು.

ಯಜಮಾನರಿಗೆ ಮನೆಯವರೆಲ್ಲ ಬೈಯುವಷ್ಟು ಕುದುರೆಯ ಹುಚ್ಚು. ಬೆಂಗಳೂರಿನ ಟ್ರೇನರ್ ಒಬ್ಬರ ಲಾಯದಲ್ಲಿ ಅವರ ಕುದುರೆಗಳಿದ್ದವು. ಅವುಗಳಲ್ಲಿ ತುಂಗೆ ಎಂಬ ಕಂದು ಹೆಣ್ಣು ಕುದುರೆಯ ಮುಂಗಾಲು ಗಟ್ಟಿ ನೆಲಕ್ಕೆ ಊದಿಕೊಳ್ಳುತ್ತಿತ್ತು. ಅದಕ್ಕೇ ಪ್ರತಿ ಚಳಿಗಾಲ ಅವಳನ್ನು ಲಾರಿಯಲ್ಲಿ ತೀರ್ಥಹಳ್ಳಿಗೆ ಕಳಿಸುತ್ತಿದ್ದರು, ಜೊತೆಗೆ ನನ್ನನ್ನು. ಬತ್ತ ಕೊಯ್ದ ಗದ್ದೆಯ ಬದು ಒಡೆಸಿ ಸಮ ಮಾಡಿದ್ದ ಜಾಗದಲ್ಲಿ ದಿನಾ ಅವಳನ್ನು ನಡೆಸುತ್ತಿದ್ದೆ. ನನ್ನ ತೂಕ ಇಳಿಸಲು ಬೇರೆ ಏನೂ ಬೇಕಿರಲಿಲ್ಲ, ಅವರ ಬಚ್ಚಲುಮನೆ ಸಾಕಿತ್ತು. ಹಂಡೆಯ ಒಲೆಗೆ ದೊಡ್ಡ ಮರದ ಕುಂಟೆ ತುರುಕಿ, ಬಾಗಿಲು ಹಾಕಿ, ಎರಡು ಸ್ವೆಟರಿನ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದೆ. ಬೆವರು ನೆಲದಲ್ಲಿ ಹರಿಯುತ್ತಿತ್ತು. ಬಾಯಾರಿದರೆ ನಿಂಬೆಹಣ್ಣಿನ ಹೋಳು ಚೀಪುವುದು, ವಾರಕ್ಕೊಮ್ಮೆ ಹರಳೆಣ್ಣೆ. ಈಗಿನವರಿಗೆ ಇದಕ್ಕೆಲ್ಲ ಬೇರೆ ಬೇರೆ ಯಂತ್ರಗಳಿವೆ, ಏನು ತಿನ್ನಬೇಕೆಂದು ಬರೆದುಕೊಡುವ ಡಾಕ್ಟರರಿದ್ದಾರೆ. ಹಸಿವು ಮಾತ್ರ ಹಳೆಯದೇ ಇರಬೇಕು.

ಹೂವಪ್ಪನನ್ನು ನಾನು ಮೊದಲು ನೋಡಿದ್ದು ಅಂಥ ಒಂದು ಚಳಿಗಾಲ. ಹೊಸನಗರದ ಕಡೆ, ಮಾಸ್ತಿಕಟ್ಟೆಯ ಹತ್ತಿರದವನು. ಅಡಿಕೆ ಕೊನೆ ತೆಗೆಯುವ ಕಾಲಕ್ಕೆ ಮರ ಹತ್ತಲು ಬರುತ್ತಿದ್ದ. ವಯಸ್ಸು ಹದಿನಾಲ್ಕೋ ಹದಿನೈದೋ, ಅವರ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಒಂದು ಮರದ ತುದಿಯಲ್ಲಿ ತೊಡೆ ಬಿಗಿದು ಕೂತು, ಮರವನ್ನೇ ತೂಗಾಡಿಸಿ, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಿದ್ದ. ನಾನು ತುಂಗೆಯ ಲಗಾಮು ಹಿಡಿದು ಬಾಯಿ ಬಿಟ್ಟುಕೊಂಡು ನೋಡಿದೆ. ಮಂಡಿ ಮಡಿಸುವ ರೀತಿ, ಬೆನ್ನು ಬಗ್ಗಿಸುವ ರೀತಿ, ಮೈಭಾರವನ್ನೆಲ್ಲ ಪಾದದ ಮೇಲೆ ಹಿಡಿದಿಡುವ ರೀತಿ, ಟ್ರೇನರ್ ಸಾಹೇಬರು ಬೈದು ಬೈದು ನನಗೆ ಮೂರು ವರ್ಷ ಕಲಿಸಿದ್ದೆಲ್ಲ ಅವನು ಅಡಿಕೆ ಮರದ ಮೇಲೆ ತಾನಾಗಿಯೇ ಕಲಿತುಬಿಟ್ಟಿದ್ದ.

ನನ್ನ ವೃತ್ತಿಯ ಮೊದಲ ದೊಡ್ಡ ತಪ್ಪು ಮಾಡಿದ್ದು ಆ ಮಧ್ಯಾಹ್ನವೇ. ಕಂಡದ್ದನ್ನು ನನ್ನಲ್ಲೇ ಇಟ್ಟುಕೊಳ್ಳದೆ ಯಜಮಾನರ ಹತ್ತಿರ ಹೇಳಿದೆ. ಅವರು ಹೂವಪ್ಪನನ್ನು ಕರೆಸಿ ತುಂಗೆಯ ಬೆನ್ನಿಗೆ ಹತ್ತಿಸಿದರು. ಹೊಸಬರನ್ನು ಕಂಡರೆ ಕಿವಿ ಹಿಂದಕ್ಕೆ ಮಾಡುತ್ತಿದ್ದ ಆ ಕುದುರೆ ಅವನನ್ನು ಹೊತ್ತುಕೊಂಡು ಗದ್ದೆಯಲ್ಲಿ ಸುಮ್ಮನೆ ಒಂದು ಸುತ್ತು ಬಂತು.

"ಶೀನಾ, ಇವನಿಗೆ ಕಲ್ಸು ಮಾರಾಯ. ಇವನ ಮೈ ನೋಡು, ದೇವ್ರು ಕುದುರೆಗೇ ಅಂತ ಮಾಡಿದ್ದು" ಎಂದರು ಯಜಮಾನರು ನನಗೆ.

ನಾನು ನೋಡಿದೆ. ಅವನ ಮೈಯಲ್ಲಿ ಬೇಡದ್ದು ಅಂತ ಒಂದು ತೊಲ ಇರಲಿಲ್ಲ. ಹೊಟ್ಟೆಕಿಚ್ಚು ನನಗೆ ಶುರುವಾದದ್ದು ಆವಾಗ.

ಚಳಿಗಾಲಕ್ಕೆ ತೀರ್ಥಹಳ್ಳಿಯಲ್ಲಿ, ಉಳಿದ ತಿಂಗಳು ಬೆಂಗಳೂರಿನ ಲಾಯದಲ್ಲಿ, ಎರಡು ವರ್ಷ ಕಲಿಸಿದೆ. ಮೋಸ ಮಾಡದೆ ಕಲಿಸಿದೆ, ಅದನ್ನು ಹೇಳಿಕೊಳ್ಳುವ ಹಕ್ಕು ನನಗಿದೆ. ಅವನು ನನ್ನನ್ನು ಶೀನಣ್ಣ ಎಂದು ಕರೆಯುತ್ತಿದ್ದ, ನನ್ನ ಬೂಟನ್ನು ತನ್ನ ಬೂಟಿಗಿಂತ ಮೊದಲು ಒರೆಸುತ್ತಿದ್ದ. ಊರಲ್ಲಿದ್ದಾಗ ಪ್ರತಿ ವಾರ ನಾವಿಬ್ಬರೂ ತೀರ್ಥಹಳ್ಳಿ ಪೇಟೆಯ ಅಡಿಕೆ ಮಂಡಿಯೊಂದಕ್ಕೆ ಹೋಗಿ ತೂಕ ನೋಡಿಸಿಕೊಳ್ಳುತ್ತಿದ್ದೆವು. ಮನುಷ್ಯರನ್ನು ತೂಗುವ ಯಂತ್ರ ಆಗ ಹತ್ತಿರದಲ್ಲೆಲ್ಲೂ ಇರಲಿಲ್ಲ. ಮಂಡಿಯವರು ಇಬ್ಬರನ್ನೂ ಒಬ್ಬೊಬ್ಬರಾಗಿ ಅಡಿಕೆ ಮೂಟೆಯ ಜಾಗದಲ್ಲಿ ನಿಲ್ಲಿಸಿ, ಮೂಟೆಯ ತೂಕಕ್ಕೂ ಬಾರದ ಗಿರಾಕಿಗಳು ಎಂದು ಗೇಲಿ ಮಾಡುತ್ತಿದ್ದರು. ಹೂವಪ್ಪ ಎರಡು ಬಾಳೆಹಣ್ಣು ತಿಂದು ನಿಂತರೂ ನಲವತ್ತೊಂದು. ನಾನು ಮೂರು ದಿನ ಗಂಜಿ ಕುಡಿದು ನಿಂತರೂ ನಲವತ್ತೊಂಬತ್ತು. ಮುಳ್ಳು ನಿಲ್ಲುವ ತನಕ ಅವನ ಮುಖ ನೋಡದೆ ಗೋಡೆ ನೋಡುತ್ತಿದ್ದೆ.

ಆ ವರ್ಷದ ಮೈಸೂರು ರೇಸಿಗೆ ತುಂಗೆಯ ಮೇಲೆ ಹೊರಿಸಿದ ತೂಕ ನಲವತ್ತೆಂಟು ಕಿಲೋ. ಜೀನಿನ ಸಮೇತ ಸವಾರ ಅಷ್ಟೇ ತೂಗಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅವಳನ್ನು ಸಾಕಿದವನು ನಾನು, ಸವಾರಿಯೂ ನನ್ನದೇ ಎಂದು ಯಜಮಾನರು ಮಾತು ಕೊಟ್ಟಿದ್ದರು. ಮುಂಚಿನ ವಾರ ಯಾವುದೋ ಕೆಲಸಕ್ಕೆ ತೀರ್ಥಹಳ್ಳಿಗೆ ಬಂದಿದ್ದ ನಾನು ಬಚ್ಚಲುಮನೆಯಲ್ಲಿ ಬೆವರು ಹರಿಸಿ, ಮಂಡಿಯ ತೂಕದ ಕಾಟಾದ ಮೇಲೆ ನಿಂತೆ. ಸರಿಯಾಗಿ ನಲವತ್ತೇಳು. ಹಗುರದ ಜೀನು ಹಾಕಿದರೆ ಆಯಿತು ಎಂದು ಖುಷಿಯಿಂದ ಮೈಸೂರಿನ ಬಸ್ಸು ಹತ್ತಿ, ದಾರಿಯುದ್ದಕ್ಕೂ ಗುಟುಕು ನೀರು ಮಾತ್ರ ಕುಡಿದುಕೊಂಡು ಹೋದೆ. ರೇಸು ಮೈದಾನದ ತೂಕದ ಕೋಣೆಯಲ್ಲಿ ಜೀನು ಹಿಡಿದು ಕೂತರೆ ನಲವತ್ತೊಂಬತ್ತೂವರೆ ತೋರಿಸಿತು. ಇಳಿದು ಮತ್ತೆ ಕೂತೆ. ಅಷ್ಟೇ.

ರೈತರ ಅಡಿಕೆ ಕೊಳ್ಳುವವನ ಕಾಟಾ ಇದ್ದದ್ದಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ ಎಂಬುದು, ಸಾಗರದ ಪೇಟೆಯಲ್ಲಿ ಗಂಧ ಕೆತ್ತುವವರ ನಡುವೆ ಬೆಳೆದ ನನಗೆ ಹೊಳೆಯದೇ ಹೋಗಿತ್ತು. ಅಡಿಕೆಗೆ ಮಾಡಿದ್ದನ್ನು ಮಂಡಿಯವನು ನನಗೂ ಮಾಡಿದ್ದ. ತುಂಗೆಯ ಜೊತೆ ಮೈಸೂರಿಗೆ ಬಂದಿದ್ದ ಹೂವಪ್ಪನಿಗೆ ಈ ವಿಷಯ ಮೊದಲೇ ಗೊತ್ತಿತ್ತು. "ನಾವು ಮೂಟೆ ಹೊತ್ತು ಹೋದಾಗ್ಲೆಲ್ಲ ನೋಡಿದ್ದೀವಲ್ಲ ಶೀನಣ್ಣ. ನಿಮಗೆ ಗೊತ್ತಿಲ್ದೇ ಇರ್ತದಾ ಅಂದ್ಕೊಂಡೆ" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಟ್ರೇನರ್ ಸಾಹೇಬರು ನನ್ನನ್ನು ಇಳಿಸಿ ಅವನನ್ನು ಹತ್ತಿಸಿದರು. ಅವನಿಗೆ ಆ ವರ್ಷವಷ್ಟೇ ಸವಾರಿಯ ಪರವಾನಗಿ ಸಿಕ್ಕಿತ್ತು. ಹೊರಿಸಿದ ತೂಕಕ್ಕೆ ಅವನ ಮೈ ಸಾಲದೆ ಜೀನಿನ ಕೆಳಗಿನ ಬಟ್ಟೆಯ ಕಿಸೆಗಳಿಗೆ ಸೀಸದ ತುಂಡು ತುಂಬಬೇಕಾಯಿತು. ತುಂಬಿದವನು ನಾನೇ. ಒಂದೊಂದು ತುಂಡು ಇಳಿಸುವಾಗಲೂ, ಇಷ್ಟು ನಾನು ತಿನ್ನಬಹುದಿತ್ತು, ಇಷ್ಟು ನಾನು ತಿನ್ನಬಹುದಿತ್ತು ಎಂದು ಒಳಗೇ ಲೆಕ್ಕ ಹಾಕುತ್ತಿದ್ದೆ. ಅವನು ಗೆದ್ದ. ಮರುದಿನದ ಪೇಪರಿನಲ್ಲಿ ಅವನ ಫೋಟೋ ಬಂತು. ತುಂಗೆಯ ಲಗಾಮು ಹಿಡಿದ ಒಂದು ಕೈ ಮೂಲೆಯಲ್ಲಿ ಕಾಣುತ್ತದೆ, ಅದು ನನ್ನದು.

ಮೈಸೂರು ಮುಗಿಸಿ ಊರಿಗೆ ಹೋಗುವಾಗ ಹೂವಪ್ಪ ನನ್ನ ಜೊತೆ ಸಾಗರಕ್ಕೆ ಬಂದ. ಅಪ್ಪಯ್ಯನ ಕೆತ್ತನೆ ನೋಡಬೇಕು ಎಂದ. ಅಪ್ಪಯ್ಯನಿಗೆ ಯಾರು ಬಂದರೂ ಮೊದಲು ಅವರ ಮೈಯ ಅಳತೆ ನೋಡುವ ಚಾಳಿ, ತಲೆಗೆ ಕೈ ಎಷ್ಟು ಪಾಲು, ಕೈಗೆ ಕಾಲು ಎಷ್ಟು ಪಾಲು ಎಂದು. ಹೂವಪ್ಪನ ಮಣಿಕಟ್ಟು ಹಿಡಿದು ಹೆಬ್ಬೆರಳಿನಿಂದ ಒತ್ತಿದರು, ಮಂಡಿ ಚಿಪ್ಪು ಮುಟ್ಟಿದರು, ಪಾದ ನೋಡಿದರು. ಅವನು ಹಿತ್ತಲಿಗೆ ಕೈ ತೊಳೆಯಲು ಹೋದಾಗ ನನ್ನ ಕಡೆ ತಿರುಗಿದರು.

"ಆ ಹುಡುಗ ಇನ್ನೂ ಬೆಳ್ದೇ ಇಲ್ಲ ಶೀನಾ. ಮೂಳೆ ತುದಿಯೆಲ್ಲ ದೊಡ್ಡದು. ಊಟ ಕಂಡಿಲ್ಲ ಮೈ, ಅದಕ್ಕೆ ನಿಂತುಬಿಟ್ಟಿದೆ. ಎರಡು ವರ್ಷ ಹೊಟ್ಟೆ ತುಂಬ ಹಾಕಿದ್ರೆ ಆಳೆತ್ತರ ಆಗ್ತಾನೆ."

ಈಗ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಇವನು ಇನ್ನು ಬೆಳೆಯುತ್ತಾನೋ ಇಲ್ಲವೋ ಎಂದು ಡಾಕ್ಟರರು ಹೇಳುತ್ತಾರಂತೆ. ಅಪ್ಪಯ್ಯ ಅದನ್ನು ಹೆಬ್ಬೆರಳಿನಲ್ಲೇ ಹೇಳಿದ್ದರು. ನಾನು ಮಾಡಬೇಕಾದದ್ದು ಸುಲಭವಿತ್ತು. ಹೋಗಿ ಯಜಮಾನರಿಗೋ ಹೂವಪ್ಪನಿಗೋ ಈ ಮಾತು ತಿಳಿಸಿ, ಊಟದಲ್ಲಿ ಹಿಡಿತ ಇರಲಿ ಎಂದರೆ ಸಾಕಿತ್ತು. ನಾನು ಯಾರಿಗೂ ಹೇಳಲಿಲ್ಲ. ಮರುದಿನ ತೀರ್ಥಹಳ್ಳಿಯ ಬಸ್ಸಿನಲ್ಲಿ ಅವನ ಪಕ್ಕ ಕೂತು, ದಾರಿಯಲ್ಲಿ ಇಳಿದು, ಅವನಿಗೆ ನಾಲ್ಕು ಮಸಾಲೆ ದೋಸೆ ಕೊಡಿಸಿದೆ.

ಅಲ್ಲಿಂದ ಒಂದೂವರೆ ವರ್ಷ ನಾನು ಅವನನ್ನು ಸಾಕಿದೆ. ತೀರ್ಥಹಳ್ಳಿಗೆ ಬಂದಾಗ ಯಜಮಾನರ ಮನೆಯಲ್ಲಿ ನಮಗಿಬ್ಬರಿಗೂ ಹಿಂದಿನ ಜಗಲಿಯಲ್ಲಿ ಅಕ್ಕಪಕ್ಕ ಎಲೆ ಹಾಕುತ್ತಿದ್ದರು. ಕಡುಬು, ಕೋಳಿಸಾರು, ಹೊಳೆಮೀನು, ಯಾವುದಕ್ಕೂ ಕೊರತೆ ಇಲ್ಲದ ಮನೆ. ಬಡಿಸಿದವರು ಒಳಗೆ ಹೋದ ಕೂಡಲೇ ನನ್ನ ಎಲೆಯಲ್ಲಿದ್ದದ್ದು ಅವನ ಎಲೆಗೆ ಹೋಗುತ್ತಿತ್ತು. "ನಂಗೆ ತೂಕ ಜಾಸ್ತಿ ಆಗ್ತದೆ, ನೀನು ತಿನ್ನು, ನಿಂಗೆ ಏನೂ ಆಗಲ್ಲ" ಎನ್ನುತ್ತಿದ್ದೆ. ತುಂಗೆಯ ಮೈ ಮಿಂಚಲಿ ಎಂದು ಯಜಮಾನರು ದಿನಾ ಕೊಡಿಸುತ್ತಿದ್ದ ಮೊಟ್ಟೆಗಳಲ್ಲಿ ಅರ್ಧವನ್ನು ಒಡೆದು ಹಾಲಿಗೆ ಹಾಕಿ ಅವನಿಗೆ ಕುಡಿಸಿದೆ. ಹಲಸಿನ ಕಾಲದಲ್ಲಿ ತೊಳೆ ಬಿಡಿಸಿ ಕೈಗೆ ಕೊಟ್ಟೆ. ಅವನು ತಿನ್ನುವಾಗ ನಾನು ನಿಂಬೆ ಹೋಳು ಚೀಪುತ್ತ ನೋಡುತ್ತಿದ್ದೆ. ಅವನು ಉಣ್ಣುವ ಒಂದೊಂದು ತುತ್ತು ನನ್ನನ್ನು ತುಂಗೆಯ ಹತ್ತಿರ ತರುತ್ತದೆ ಎಂದು ಸಂತೋಷವಾಗುತ್ತಿತ್ತು. ಅದೇ ಹೊತ್ತಿಗೆ, ಅವನು ಬೆರಳು ಚೀಪುವ ಸದ್ದು ಕೇಳಿ ಅಳು ಬರುತ್ತಿತ್ತು. ಯಾವುದರ ಮೇಲೆ ನನಗೆ ಹೆಚ್ಚು ಹೊಟ್ಟೆಕಿಚ್ಚಿತ್ತು, ಅವನ ಸವಾರಿಯ ಮೇಲೋ ಅವನ ಊಟದ ಮೇಲೋ, ಈಗಲೂ ತೀರ್ಮಾನ ಮಾಡಲಾರೆ.

ಮೊದಲ ಆರು ತಿಂಗಳು ಏನೂ ಆಗಲಿಲ್ಲ. ಎಷ್ಟು ತಿಂದರೂ ಅದೇ ಮೈ. ಅಪ್ಪಯ್ಯನ ಹೆಬ್ಬೆರಳು ಸುಳ್ಳು ಹೇಳಿತೇ ಎಂದು ಸಿಟ್ಟಾಗಿ, ತುಪ್ಪ ಹೆಚ್ಚಿಸಿದೆ. ಎರಡನೆಯ ವರ್ಷವೂ ಮೈಸೂರಿನಲ್ಲಿ ತುಂಗೆಯನ್ನು ಅವನೇ ಓಡಿಸಿದ. ಆದರೆ ಸೀಸದ ತುಂಡುಗಳು ಕಡಿಮೆ ಹಿಡಿದವು, ನಾನು ಗಮನಿಸಿದೆ. ಆ ಚಳಿಗಾಲ ಅವನ ದನಿ ಒಡೆಯಿತು. ಅಂಗಿಯ ತೋಳು ಮಣಿಕಟ್ಟಿನಿಂದ ಮೇಲೆ ಸರಿಯಿತು. ಬೂಟು ಕಚ್ಚುತ್ತದೆ ಎಂದ. ಚಳಿಗಾಲ ಶುರುವಾಗುವಾಗ ನನ್ನೆತ್ತರ ಇದ್ದವನು ಮಳೆಗಾಲ ಹಿಡಿಯುವಷ್ಟರಲ್ಲಿ ನನ್ನ ತಲೆಯ ಮೇಲಿಂದ ಆಚೆಯವರ ಜೊತೆ ಮಾತಾಡತೊಡಗಿದ. ಕೊಬ್ಬಾಗಿದ್ದರೆ ಬಚ್ಚಲುಮನೆಯಲ್ಲಿ ಕೂತು ಇಳಿಸಬಹುದಿತ್ತು. ಮೂಳೆಯನ್ನು ಬೆವರಿಸಿ ಇಳಿಸಿದವರು ಯಾರೂ ಇಲ್ಲ.

ಟ್ರೇನರ್ ಸಾಹೇಬರು ಅವನನ್ನು ಕೆಲಸದಿಂದ ಬಿಡಿಸಿದ ದಿನ ಯಜಮಾನರು ಅಲ್ಲೇ ಇದ್ದರು. ಹೂವಪ್ಪ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತಿದ್ದ, ಬೆನ್ನು ಬಗ್ಗಿಸಿ ಕುಳ್ಳಗೆ ಕಾಣಲು ನೋಡುತ್ತಿದ್ದ. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು.

"ಯಾರ ತಪ್ಪೂ ಅಲ್ಲ ಮಾರಾಯ. ದೇವ್ರು ಎತ್ತರ ಕೊಟ್ಟ, ಎಂತ ಮಾಡೋದು" ಎಂದರು.

ನಾನು ತುಂಗೆಯ ಗೊರಸು ನೋಡುತ್ತ ನಿಂತಿದ್ದೆ.

ಸವಾರಿ ಮತ್ತೆ ನನಗೇ ಬಂತು. ಆ ವರ್ಷದ ಮೈಸೂರು ರೇಸಿಗೆ ತುಂಗೆಯ ಮೇಲೆ ನಾನು ಎಂದು ನಿಶ್ಚಯವಾಯಿತು. ಈ ಸಲ ತೂಕದ ಕೋಣೆಯ ಯಂತ್ರದಲ್ಲೇ ದಿನಾ ನೋಡಿಕೊಂಡೆ. ಶನಿವಾರ ರೇಸು, ಸೋಮವಾರ ನನ್ನ ತೂಕ ಸರಿಯಾಗಿ ಇಳಿದಿತ್ತು. ಅಷ್ಟರಲ್ಲಿ ಅಪ್ಪಯ್ಯನಿಗೆ ಮೈ ಸರಿ ಇಲ್ಲ ಎಂದು ಕಾಗದ ಬಂದು, ಎರಡು ದಿನಕ್ಕೆ ಹೋಗಿ ಬರುತ್ತೇನೆ ಎಂದು ಹೊರಟೆ. ಹೂವಪ್ಪ ಬಿಟ್ಟುಹೋಗಿದ್ದ ಟ್ರಂಕೊಂದು ಲಾಯದಲ್ಲಿತ್ತು. ಅದನ್ನು ಬಸ್ಸಿಗೆ ಹಾಕಿ ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ನಾನೇ ಒಯ್ದೆ. ಟ್ರಂಕಿನ ನೆಪ ಮಾಡಿ ಅವನು ಸೋತು ಕೂತದ್ದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗಿತ್ತು. ಇಂಥದ್ದನ್ನು ಬರೆಯಬಾರದು, ಆದರೆ ಬರೆಯದಿದ್ದರೆ ಈ ಕೆಲಸ ಮನುಷ್ಯನನ್ನು ಏನು ಮಾಡುತ್ತದೆ ಎಂದು ನಿಮಗೆ ತಿಳಿಯುವುದಿಲ್ಲ.

ಆ ಶನಿವಾರ ತುಂಗೆಯನ್ನು ಓಡಿಸಿದವನು ನಾನಲ್ಲ. ನನ್ನ ತೂಕ ಎರಡು ಕಿಲೋ ಹೆಚ್ಚಾಗಿತ್ತು, ಒಣಗಿದ ಮೈ ಒಮ್ಮೆ ಹಿಡಿದುಕೊಂಡದ್ದನ್ನು ಎಷ್ಟು ಬೆವರಿಸಿದರೂ ಬಿಡಲಿಲ್ಲ. ಊರಿಗೆ ಹೋದವನು ಬಾಯಿ ಕಟ್ಟಲಾರದೆ ಹಾಳಾದ ಎಂದು ಟ್ರೇನರ್ ಸಾಹೇಬರು ಎಲ್ಲರೆದುರು ಬೈದರು, ಆಮೇಲೆ ಆ ಕುದುರೆ ನನಗೆ ಸಿಗಲೇ ಇಲ್ಲ. ಹೂವಪ್ಪ ಮುಂದೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆದ. ಅಲ್ಲಿಯೂ ಎತ್ತರ ಅಳೆಯುತ್ತಾರೆ, ಇಂತಿಷ್ಟಕ್ಕಿಂತ ಕಡಿಮೆ ಇರಬಾರದು ಎಂದು. ಅವನಿಗೆ ಪೆನ್ಶನ್ ಬರುತ್ತದೆ, ನನಗೆ ಬರುವುದಿಲ್ಲ. ಅದರ ಬಗ್ಗೆಯೂ ನನಗೆ ಹೊಟ್ಟೆಕಿಚ್ಚಿದೆ. ಆದರೆ ಆ ಎರಡು ಕಿಲೋ ಎಲ್ಲಿಂದ ಬಂತು ಎಂಬುದನ್ನು ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಸಾಗರದಲ್ಲಿ ಅಪ್ಪಯ್ಯ ಚೇತರಿಸಿಕೊಂಡದ್ದು ನೋಡಿ, ವಾಪಸು ಹೊರಟವನು ಹೊಸನಗರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಟ್ರಂಕು ಹೊತ್ತು ನಡೆದು ಅವನ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಸೋಗೆ ಹೊದಿಸಿದ ಒಂದೇ ಕೋಣೆಯ ಮನೆ. ಹೂವಪ್ಪ ಬಾಗಿಲಲ್ಲಿ ಬಗ್ಗಿ ಹೊರಬಂದು ನನ್ನ ಕೈಯಿಂದ ಟ್ರಂಕು ಇಸಿದುಕೊಂಡ. ಏನು ಮಾಡುತ್ತಿದ್ದೀ ಎಂದರೆ, ಕೂಲಿ ಹುಡುಕುತ್ತಿದ್ದೇನೆ ಎಂದ. ಮರ ಹತ್ತುವುದಿಲ್ಲವೇ ಎಂದೆ. "ಆಗಲ್ಲ ಶೀನಣ್ಣ. ತುದೀಲಿ ಕೂತ್ರೆ ಮರ ತಡೀದಿಲ್ಲ, ಮುರಿದ್ರೆ ಕಷ್ಟ" ಎಂದು ನಕ್ಕ. ಕುದುರೆಯಿಂದ ಮಾತ್ರ ಇಳಿಸಿದೆ ಎಂದುಕೊಂಡಿದ್ದೆ, ಮರದಿಂದಲೂ ಇಳಿಸಿದ್ದೆ. ನೋಡಬೇಕೆಂದು ಬಂದದ್ದು ಕಣ್ಣೆದುರಿಗಿತ್ತು, ನೋಡಲು ಮನಸ್ಸಾಗಲಿಲ್ಲ.

ಅವನ ಅವ್ವ ಒಳಗಿನಿಂದ ಬಂದರು. ಗಿಡ್ಡ ಹೆಂಗಸು, ನನ್ನ ಭುಜದಷ್ಟೂ ಇಲ್ಲ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಮಗ ಎಲ್ಲ ಹೇಳಿದ್ದಾನೆ, ನಿಮ್ಮ ಎಲೆಯದ್ದನ್ನು ತೆಗೆದು ಅವನಿಗೆ ಹಾಕುತ್ತಿದ್ದಿರಂತೆ, ಮೊಟ್ಟೆ ಹಾಲು ಕುಡಿಸಿದಿರಂತೆ ಎಂದರು. ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ.

"ನಮ್ಮನೇಲಿ ಇವನಪ್ಪ, ಅಜ್ಜ, ಎಲ್ಲಾ ಗಿಡ್ಡಕ್ಕೇ ಇದ್ರು. ನಾವು ಗಿಡ್ಡ ಜಾತಿ ಅಂತ್ಲೇ ತಿಳ್ಕೊಂಡಿದ್ವಿ. ನೀವು ಉಣ್ಸಿದ ಮೇಲೆ ಗೊತ್ತಾತು, ನಾವು ಉದ್ದ ಇರೋ ಜನ ಅಂತ."

ಹೇಳಿ ಅವರು ಮಗನನ್ನು ತಲೆಯೆತ್ತಿ ನೋಡಿದರು. ಅವನು ನಾಚಿಕೊಂಡು ಟ್ರಂಕು ಒಳಗೆ ಇಡಲು ಹೋದ.

ಅವರು ನನ್ನನ್ನು ಕೂರಿಸಿ ಎಲೆ ಹಾಕಿದರು. ಬೇಡ, ಶನಿವಾರ ತೂಕವಿದೆ ಎಂದೆ. ತೂಕ ಎಂದರೆ ಅವರಿಗೆ ಏನೂ ತಿಳಿಯಲಿಲ್ಲ. ನನ್ನ ಒಣಗಿದ ಕೆನ್ನೆ, ಅಂಗಿಯೊಳಗಿಂದ ಕಾಣುವ ಎಲುಬು ನೋಡಿದರು. ಹಸಿವು ನೋಡಿ ಗೊತ್ತಿದ್ದವರು ಅವರು.

"ಎಷ್ಟು ದಿನ ಆತು ಸರಿಯಾಗಿ ಉಂಡು?" ಎಂದು ಕೇಳಿದರು.

ಎರಡು ಕಡುಬು ಹಾಕಿದರು, ಮೇಲೆ ಬಿಸಿ ಸಾರು ಸುರಿದರು. ಮನೆಯಲ್ಲಿ ಹೆಚ್ಚೇನೂ ಉಳಿದಿಲ್ಲ ಎಂದು ಪಾತ್ರೆ ಕೆರೆಯುವ ಸದ್ದಿನಿಂದಲೇ ತಿಳಿಯಿತು. ಹೂವಪ್ಪ ನನ್ನೆದುರು ಕಂಬಕ್ಕೆ ಒರಗಿ ಕೂತು, ತಾನು ಉಣ್ಣದೆ, ನನ್ನನ್ನೇ ನೋಡುತ್ತಿದ್ದ. ಒಂದೂವರೆ ವರ್ಷ ನಾನು ಅವನನ್ನು ನೋಡಿದ ಹಾಗಲ್ಲ, ಬೇರೆ ರೀತಿ. ನಾನು ಒಂದು ತುತ್ತು ಮುರಿದು ಬಾಯಿಗಿಟ್ಟೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಎರಡೂ ಮುಗಿದವು. ಅವ್ವ ತಳದಲ್ಲಿದ್ದ ಕೊನೆಯದನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಇನ್ನೊಂದು ಹಾಕ್ಲಾ?"

"ಹಾಕಿ ಅವ್ವ" ಎಂದೆ.